ಅವ್ವನ ಸಾಕ್ಷಿಯಲ್ಲಿ ತಪ್ಪು ಬಂದರೆ ಕೊಲೆ ಕೇಸು ಬಿದ್ದುಹೋಗುತ್ತಾ?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. 2023ರ ಮಾರ್ಚ್‌ನಲ್ಲಿ ಹೊಲದ ಬದುವಿನ ತಗಾದೆಯಲ್ಲಿ ನಮ್ಮ ಕಾಕಾನ ಕೊಲೆಯಾಯಿತು. ಅವ್ವ ಆಗ ನಮ್ಮ ಮೆಣಸಿನಕಾಯಿ ಕಣದಲ್ಲಿದ್ದಳು, ಕಣ್ಣಾರೆ ನೋಡಿದಳು. ಅದೇ ರಾತ್ರಿ ಕಾಕಾನ ಮಗ ದೂರು ಕೊಟ್ಟ. ಅದೇ ವರ್ಷ ಚಾರ್ಜ್‌ಶೀಟ್ ಆಗಿ ಕೋರ್ಟಿನಲ್ಲಿ ಕೇಸು ಶುರುವಾಯಿತು. ಹೋದ ತಿಂಗಳು ಸೆಷನ್ಸ್ ಕೋರ್ಟಿನಲ್ಲಿ ಅವ್ವನ ಸಾಕ್ಷಿ ಆಯಿತು. ಆರೋಪಿ ಕಡೆ ವಕೀಲರು ಮಧ್ಯಾಹ್ನವೆಲ್ಲ ಪಾಟಿ ಸವಾಲು ಮಾಡಿದರು. ಎಷ್ಟು ದೂರದಿಂದ ನೋಡಿದಿರಿ ಎಂದು ಕೇಳಿದಾಗ 'ಐವತ್ತು ಅಡಿ' ಅಂದಳು. ನಕ್ಷೆಯಲ್ಲಿ 130 ಅಡಿ ಇದೆಯಂತೆ. ಪೊಲೀಸ್ ಹೇಳಿಕೆಯಲ್ಲಿ ಮಚ್ಚು ಎಂದಿದೆ, ಇವಳು ಕೊಡಲಿ ಅಂದಳು. ಹೊತ್ತು ಕೇಳಿದರೆ ಒಮ್ಮೆ ಆರೂವರೆ, ಒಮ್ಮೆ ಏಳು ಅಂದಳು. ಕೊನೆಗೆ ತೊದಲಿ ಅತ್ತುಬಿಟ್ಟಳು. ಆಚೀಚೆ ಹೊಲದ ಇಬ್ಬರು ಸಾಕ್ಷಿಗಳು 'ನಮಗೇನೂ ಗೊತ್ತಿಲ್ಲ' ಎಂದರು. ಪಂಚನಾಮೆಗೆ ಸಹಿ ಹಾಕಿದವನೂ ತಿರುಗಿಬಿದ್ದ. ಸಂಬಂಧಿಕರ ಸಾಕ್ಷಿ ನಡೆಯಲ್ಲ, ಕೇಸು ಬಿದ್ದೇ ಹೋಯ್ತು ಅಂತ ಊರವರು ಹೇಳ್ತಾರೆ. ಹಿರಿಯರು ರಾಜಿ ಮಾಡಿಕೊಳ್ಳಿ ಅಂತಿದ್ದಾರೆ. ಅವ್ವ ಸರಿಯಾಗಿ ಊಟ ಮಾಡ್ತಿಲ್ಲ, 'ನಾನೇ ಕೆಡಿಸಿದೆ' ಅಂತಾಳೆ. ಅಮೆರಿಕದ ಸಿನಿಮಾಗಳಲ್ಲಿ ಹನ್ನೆರಡು ಜನ ಕೂತು ಚರ್ಚೆ ಮಾಡಿ ತೀರ್ಮಾನ ಹೇಳ್ತಾರೆ. ನಮ್ಮಲ್ಲಿ ಒಬ್ಬರೇ ಜಡ್ಜ್. ಅವ್ವ ಅತ್ತಿದ್ದು ನೋಡಿ ಸುಳ್ಳು ಹೇಳ್ತಿದ್ದಾಳೆ ಅಂದುಕೊಂಡಿರ್ತಾರಾ? ನಾವೀಗ ಏನು ಮಾಡಬಹುದು?
— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಕೊಲೆ ನೋಡಿದವರು ಕಟಕಟೆಯಿಂದ ಇಳಿದು ಬಂದು 'ನಾನೇ ಕೆಡಿಸಿದೆ' ಎನ್ನುವುದನ್ನು ನಾನು ಬಹಳ ಸಲ ಕೇಳಿದ್ದೇನೆ. ಮೊದಲು ಕೆಲವು ವರ್ಷ ಸರ್ಕಾರದ ಪರ ಕೇಸು ನಡೆಸಿದೆ, ಆಮೇಲೆ ಆರೋಪಿಗಳ ಪರ. ಎರಡೂ ಕಡೆ ನಿಂತು ನೋಡಿದ ಮೇಲೆ ಹೇಳುತ್ತಿದ್ದೇನೆ: ಸಾಕ್ಷಿಗೆ ತಾನು ಸೋತೆ ಎಂದು ಅನ್ನಿಸುವುದಕ್ಕೂ ಕೇಸು ಸೋಲುವುದಕ್ಕೂ ಸಂಬಂಧ ತುಂಬಾ ಕಡಿಮೆ. ಇದನ್ನು ಇವತ್ತೇ ನಿಮ್ಮ ಅವ್ವನಿಗೆ ಹೇಳಿ.

ಕೇಸಿನ ಕಡತ ನನ್ನ ಮುಂದಿಲ್ಲ, ಹಾಗಾಗಿ ಗೆಲ್ಲುತ್ತೀರಿ ಎಂದು ಭರವಸೆ ಕೊಡಲಾರೆ. ಆದರೆ ನೀವು ಬರೆದಿರುವ ಮೂರು ವ್ಯತ್ಯಾಸಗಳಿಂದ, ಅಂದರೆ ದೂರ, ಹೊತ್ತು, ಆಯುಧ ಇಷ್ಟರಿಂದಲೇ ಕೇಸು ಬೀಳುವುದಿಲ್ಲ. ಬಿದ್ದರೆ ಬೇರೆ ಕಾರಣಕ್ಕೆ ಬೀಳುತ್ತದೆ. ಆ ಕಾರಣಗಳನ್ನೂ ಮುಚ್ಚಿಡದೆ ಹೇಳುತ್ತೇನೆ. ನಿಮ್ಮ ಕೇಸು 2023ರಲ್ಲೇ ಶುರುವಾಗಿದೆ. ಹೊಸ ಕಾನೂನುಗಳು ಜಾರಿಗೆ ಬಂದದ್ದು 2024ರ ಜುಲೈ 1ರಿಂದ. ಆದ್ದರಿಂದ ನಿಮ್ಮ ವಿಚಾರಣೆ ಹಳೆಯ ಸಾಕ್ಷ್ಯ ಕಾಯ್ದೆ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ನಡೆಯುತ್ತದೆ. ಕಲಂಗಳನ್ನೂ ಹಳೆಯ ಲೆಕ್ಕದಲ್ಲೇ ಹೇಳುತ್ತೇನೆ. ಹೊಸದರಲ್ಲಿ ಅಂಕಿ ಬದಲಾಗಿದೆ, ಸಾಕ್ಷಿಯನ್ನು ತೂಗುವ ರೀತಿ ಹೆಚ್ಚುಕಡಿಮೆ ಅದೇ.

ಮೊದಲು ಜ್ಯೂರಿ ವಿಷಯ, ಅಂದರೆ ನೀವು ಸಿನಿಮಾದಲ್ಲಿ ನೋಡಿದ ಆ ಹನ್ನೆರಡು ಜನರದ್ದು. ನಮ್ಮ ದೇಶದಲ್ಲೂ ಜ್ಯೂರಿ ಇತ್ತು. ನೌಕಾಪಡೆಯ ಅಧಿಕಾರಿ ನಾನಾವತಿಯ ಕೊಲೆ ಕೇಸು 1959ರಲ್ಲಿ ಮುಂಬೈಯಲ್ಲಿ ಜ್ಯೂರಿ ಮುಂದೆಯೇ ನಡೆದದ್ದು. ಒಂಬತ್ತು ಜನರಲ್ಲಿ ಎಂಟು ಜನ ತಪ್ಪಿತಸ್ಥನಲ್ಲ ಎಂದರು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟ್ ಶಿಕ್ಷೆ ಕೊಟ್ಟಿತು. 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆ ಬಂದಾಗ ಅದರಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ.

ಸಾಕ್ಷಿಗೆ ಸಂಬಂಧಪಟ್ಟಂತೆ ನಮಗೂ ಅಮೆರಿಕಕ್ಕೂ ದೊಡ್ಡ ವ್ಯತ್ಯಾಸ ಒಂದೇ. ಅಲ್ಲಿನ ಹನ್ನೆರಡು ಜನ 'ತಪ್ಪಿತಸ್ಥ' ಅಥವಾ 'ಅಲ್ಲ' ಎನ್ನುತ್ತಾರೆ. ಯಾಕೆ ಎಂದು ಬರೆಯಬೇಕಾಗಿಲ್ಲ. ಯಾವ ಸಾಕ್ಷಿಯನ್ನು ನಂಬಿದರು, ಯಾರನ್ನು ಬಿಟ್ಟರು, ಯಾರಿಗೂ ತಿಳಿಯುವುದಿಲ್ಲ. ನಮ್ಮ ನ್ಯಾಯಾಧೀಶರು ಕಾರಣ ಬರೆಯಲೇಬೇಕು. 'ಈ ಸಾಕ್ಷಿಯನ್ನು ನಾನು ನಂಬುವುದಿಲ್ಲ, ಯಾಕೆಂದರೆ...' ಎಂದು ಬರೆದ ಪ್ರತಿ ಸಾಲನ್ನೂ ಮೇಲಿನ ಕೋರ್ಟು ಮತ್ತೆ ಓದುತ್ತದೆ. ಆದ್ದರಿಂದ 'ಅವಳು ಅತ್ತಳು, ತೊದಲಿದಳು' ಎಂಬ ಕಾರಣವೊಂದನ್ನೇ ಬರೆದು ಸಾಕ್ಷಿಯನ್ನು ತಳ್ಳಿಹಾಕುವುದು ಕಷ್ಟ.

ಸಾಕ್ಷಿ ಹೇಗೆ ನಡೆದುಕೊಂಡರು ಎಂದು ಟಿಪ್ಪಣಿ ಬರೆಯಲು ನ್ಯಾಯಾಧೀಶರಿಗೆ ಅವಕಾಶ ಇದೆ. ಆದರೆ ಮುಖ ನೋಡಿ ಸುಳ್ಳು ಕಂಡುಹಿಡಿಯುವುದರಲ್ಲಿ ಮನುಷ್ಯರು ತುಂಬಾ ದುರ್ಬಲರು. ಈ ಬಗ್ಗೆ ನಡೆದ ನೂರಾರು ಪ್ರಯೋಗಗಳನ್ನು ಒಟ್ಟುಮಾಡಿ ನೋಡಿದ ಒಂದು ಸಮೀಕ್ಷೆ 2006ರಲ್ಲಿ ಪ್ರಕಟವಾಯಿತು. ಜನ ಸರಿಯಾಗಿ ಊಹಿಸಿದ್ದು 100ಕ್ಕೆ 54 ಸಲ ಮಾತ್ರ. ಕಣ್ಣು ಮುಚ್ಚಿ ಹೇಳಿದರೂ 50 ಸರಿಯಾಗುತ್ತದೆ ಅಲ್ವಾ. ಅನುಭವ ಇರುವ ನ್ಯಾಯಾಧೀಶರಿಗೆ ಇದು ಗೊತ್ತು. ಮೊದಲ ಸಲ ಕೋರ್ಟು ನೋಡಿದ ಹಳ್ಳಿಯ ಹೆಂಗಸು ಸತ್ತ ಮೈದುನನ ವಿಷಯ ಹೇಳುವಾಗ ಅಳದಿದ್ದರೆ ಅದೇ ವಿಚಿತ್ರ. ಇನ್ನೊಂದು ಮಾತು: ವಿಚಾರಣೆ ನಡುವೆ ನ್ಯಾಯಾಧೀಶರಿಗೆ ವರ್ಗಾವಣೆ ಆದರೆ, ಮುಂದೆ ಬಂದವರು ಹಿಂದಿನವರು ಬರೆದುಕೊಂಡ ಸಾಕ್ಷ್ಯವನ್ನೇ ಓದಿ ತೀರ್ಪು ಕೊಡಬಹುದು. ಅಂದರೆ ಅವ್ವ ಅತ್ತದ್ದನ್ನು ನೋಡಿದವರೇ ತೀರ್ಪು ಬರೆಯುತ್ತಾರೆ ಎಂದೇನಿಲ್ಲ. ಕೊನೆಗೆ ಉಳಿಯುವುದು ಕಾಗದ.

ಆ ಕಾಗದ ಹೇಗೆ ತಯಾರಾಗುತ್ತದೆ ಎಂಬುದು ನಿಮಗೆ ಗೊತ್ತಿರಬೇಕು. ಸಾಕ್ಷಿ ಹೇಳಿದ ಮಾತನ್ನು ನ್ಯಾಯಾಧೀಶರು ಕೇಳಿಕೊಂಡು, ವಾಕ್ಯ ಮಾಡಿ ಹೇಳುತ್ತಾರೆ, ಪಕ್ಕದಲ್ಲಿ ಕೂತವರು ಟೈಪ್ ಮಾಡುತ್ತಾರೆ. ಪ್ರಶ್ನೆ ಸಾಮಾನ್ಯವಾಗಿ ದಾಖಲಾಗುವುದಿಲ್ಲ, ಉತ್ತರ ಮಾತ್ರ. ಪಾಟಿ ಸವಾಲಿನ ಕೊನೆಯಲ್ಲಿ ಆರೋಪಿ ಪರ ವಕೀಲರು ತಮ್ಮ ವಾದವನ್ನೆಲ್ಲ ಸಾಲಾಗಿ ಸಾಕ್ಷಿ ಮುಂದೆ ಇಡುತ್ತಾರೆ. 'ನೀನು ಅಲ್ಲಿ ಇರಲೇ ಇಲ್ಲ', 'ದ್ವೇಷಕ್ಕೆ ಸುಳ್ಳು ಹೇಳ್ತಿದ್ದೀಯ' ಎಂದು. ಸಾಕ್ಷಿ ಅಲ್ಲ ಎಂದರೆ 'ನಾನು ಘಟನೆ ನೋಡಿಲ್ಲ ಎಂದರೆ ಸರಿಯಲ್ಲ' ಎಂದು ದಾಖಲಾಗುತ್ತದೆ. ನಿಮ್ಮ ಅವ್ವನ ನೆನಪಿನಲ್ಲಿ ಉಳಿದಿರುವುದು ವಕೀಲರ ಏರು ದನಿ. ಕಾಗದದಲ್ಲಿ ಉಳಿದಿರುವುದು ಆ 'ಸರಿಯಲ್ಲ'ಗಳು. ಅವ್ವನ ಸಾಕ್ಷ್ಯದ ದೃಢೀಕೃತ ನಕಲಿಗೆ ಅರ್ಜಿ ಹಾಕಿ ತಂದುಕೊಳ್ಳಿ. ಶಾಂತವಾಗಿ ಓದಿ. ಆ ದಿನ ಕಂಡಷ್ಟು ಕೆಟ್ಟದಾಗಿ ಇರಲಾರದು ಎಂದು ನನ್ನ ಅಂದಾಜು.

ಈಗ ವ್ಯತ್ಯಾಸಗಳಿಗೆ ಬರೋಣ. ಪೊಲೀಸರ ಮುಂದೆ ಕೊಟ್ಟ 161ನೇ ಕಲಂ ಹೇಳಿಕೆ ಅವ್ವ ಕೈಯಾರೆ ಬರೆದದ್ದಲ್ಲ. ಠಾಣೆಯಲ್ಲಿ ಇನ್ನೊಬ್ಬರು ತಮ್ಮ ಮಾತಿನಲ್ಲಿ ಬರೆದುಕೊಂಡದ್ದು. ಅದಕ್ಕೆ ಸಾಕ್ಷಿಯ ಸಹಿ ಹಾಕಿಸಬಾರದು ಎಂದು ಕಾನೂನೇ ಹೇಳುತ್ತದೆ. ಆ ಹೇಳಿಕೆ ತಾನಾಗಿ ಸಾಕ್ಷ್ಯವೂ ಅಲ್ಲ. ಕೋರ್ಟಿನಲ್ಲಿ ಹೇಳಿದ್ದಕ್ಕೆ ವಿರುದ್ಧವಾಗಿದೆ ಎಂದು ತೋರಿಸಲು ಮಾತ್ರ ಆರೋಪಿ ಪರ ವಕೀಲರು ಅದನ್ನು ಬಳಸಬಹುದು. ಅದಕ್ಕೂ ಒಂದು ಕ್ರಮ ಇದೆ. ವಿರುದ್ಧವಾದ ಸಾಲನ್ನು ಸಾಕ್ಷಿಗೆ ಓದಿ ಹೇಳಬೇಕು, 'ಹೀಗೆ ಹೇಳಿದ್ದಿರಾ' ಎಂದು ಕೇಳಬೇಕು, ಸಾಕ್ಷಿ ಇಲ್ಲ ಎಂದರೆ ಹೇಳಿಕೆ ಬರೆದುಕೊಂಡ ತನಿಖಾಧಿಕಾರಿ ಬಾಯಿಂದ ಅದನ್ನು ರುಜುವಾತು ಮಾಡಿಸಬೇಕು. ಆ ಸಾಲು ಆರೋಪಿ ಕಡೆಯ ದಾಖಲೆಯಾಗಿ ನಿ.ಡಿ.1, ನಿ.ಡಿ.2 ಎಂದು ಗುರುತಾಗುತ್ತದೆ. ಹಾಗೆ ಗುರುತಾಗದ ವ್ಯತ್ಯಾಸಕ್ಕೆ ತೀರ್ಪಿನಲ್ಲಿ ಜಾಗ ಇಲ್ಲ. ನಕಲು ಸಿಕ್ಕಾಗ ನೀವು ಮೊದಲು ನೋಡಬೇಕಾದದ್ದು ಇದನ್ನೇ: ಮಚ್ಚಿನ ಸಾಲು ನಿ.ಡಿ. ಎಂದು ಗುರುತಾಗಿದೆಯಾ?

ಆಗಿದೆ ಎಂದೇ ಇಟ್ಟುಕೊಳ್ಳಿ. ಆಗ ನ್ಯಾಯಾಧೀಶರು ಏನು ಕೇಳಿಕೊಳ್ಳುತ್ತಾರೆ? ಮಚ್ಚೋ ಕೊಡಲಿಯೋ ಎಂಬುದಕ್ಕಿಂತ ಮೊದಲು, ಗಾಯ ಏನು ಹೇಳುತ್ತದೆ ಎಂದು. ಮಚ್ಚು, ಕೊಡಲಿ ಎರಡೂ ಭಾರದ, ಹರಿತವಾದ ಆಯುಧಗಳು. ಎರಡೂ ಚರ್ಮ, ಮಾಂಸ ಕಡಿದು ಮೂಳೆಗೂ ಇಳಿಯುವಂಥ ಗಾಯ ಮಾಡುತ್ತವೆ. ಕೊಡಲಿಯ ಬಾಯಿ ಗಿಡ್ಡ, ಹಾಗಾಗಿ ಗಾಯ ಸಾಮಾನ್ಯವಾಗಿ ಗಿಡ್ಡ ಮತ್ತು ಆಳ. ಮಚ್ಚಿನ ಗಾಯ ಉದ್ದವಾಗಿ ಹರಿಯಬಹುದು. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಸಾಕ್ಷಿ ಹೇಳಲು ಬಂದಾಗ ವಶಪಡಿಸಿಕೊಂಡ ಆಯುಧವನ್ನು ಅವರ ಕೈಗೆ ಕೊಟ್ಟು 'ಈ ಗಾಯ ಇದರಿಂದ ಆಗಬಹುದಾ' ಎಂದು ಕೇಳುತ್ತಾರೆ. ಆ ಉತ್ತರ ನಿಮ್ಮ ಕೇಸಿನಲ್ಲಿ ತುಂಬಾ ಮುಖ್ಯ. ಸಿಕ್ಕಿದ್ದು ಕೊಡಲಿ, ವೈದ್ಯರೂ ಆಗಬಹುದು ಎಂದರೆ, ಅವ್ವ ಕೋರ್ಟಿನಲ್ಲಿ ಹೇಳಿದ್ದೇ ನಿಜಕ್ಕೆ ಹತ್ತಿರ, ಠಾಣೆಯಲ್ಲಿ ಬರೆದುಕೊಂಡವರು ತಪ್ಪು ಬರೆದಿದ್ದಾರೆ ಎಂದು ವಾದಿಸಲು ದಾರಿ ಇದೆ. ಸಿಕ್ಕಿದ್ದು ಮಚ್ಚಾದರೆ ಸ್ವಲ್ಪ ಕಷ್ಟ. ಆದರೂ ಮುಸ್ಸಂಜೆ, ದೂರ, ಗಾಬರಿ ಎಲ್ಲ ಲೆಕ್ಕಕ್ಕೆ ಬರುತ್ತದೆ. ಅವ್ವ ಕೊಡಲಿ ಎಂದು, ದೇಹದ ಮೇಲೆ ಇರುವುದು ಬರೀ ದೊಣ್ಣೆ ಏಟಿನ ಗಾಯ ಆಗಿದ್ದರೆ ನಾನು ಇಷ್ಟು ಧೈರ್ಯ ಹೇಳುತ್ತಿರಲಿಲ್ಲ. ಕಣ್ಣಾರೆ ನೋಡಿದವರ ಮಾತಿಗೂ ವೈದ್ಯರ ಅಭಿಪ್ರಾಯಕ್ಕೂ ಸಣ್ಣ ಜಗ್ಗಾಟ ಇದ್ದರೆ ಕೋರ್ಟು ಕಣ್ಣಿನ ಸಾಕ್ಷಿ ಕಡೆ ವಾಲುತ್ತದೆ. ವೈದ್ಯಕೀಯ ಸಾಕ್ಷ್ಯ 'ಹೀಗೆ ಆಗಲು ಸಾಧ್ಯವೇ ಇಲ್ಲ' ಎಂದರೆ ಮಾತ್ರ ಕಣ್ಣಿನ ಸಾಕ್ಷಿ ಬೀಳುತ್ತದೆ.

ದೂರದ ವಿಷಯದಲ್ಲಿ ನಾನು ಚಿಂತೆಯನ್ನೇ ಮಾಡುವುದಿಲ್ಲ. ಹೊಲದಲ್ಲಿ ಬಾಳಿದವರು ಮಾರಿನ ಲೆಕ್ಕದಲ್ಲಿ, ಕೂಗಳತೆಯ ಲೆಕ್ಕದಲ್ಲಿ ದೂರ ಹೇಳುತ್ತಾರೆ. ಅವರಿಗೆ ಅಡಿ ಎಂದರೆ ಸುಮ್ನೆ ಒಂದು ಅಂಕಿ. ಆರೋಪಿಗಳ ಪರ ನಿಂತಾಗ ನಾನೂ ಈ ಪ್ರಶ್ನೆ ಕೇಳಿದ್ದೇನೆ. ಉತ್ತರ ತಪ್ಪಿದರೆ ಒಂದು ಸಾಲು ವಾದಕ್ಕೆ ಸಿಗುತ್ತದೆ, ಅಷ್ಟೇ. ಅದೊಂದರಿಂದಲೇ ಕೇಸು ಗೆದ್ದವರನ್ನು ನೋಡಿಲ್ಲ. ಹೊತ್ತೂ ಹಾಗೆಯೇ. 1983ರಲ್ಲಿ ಗುಜರಾತಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಸಾಕ್ಷಿಯ ತಲೆಯಲ್ಲಿ ವಿಡಿಯೊ ಟೇಪ್ ಓಡುತ್ತಿರುವುದಿಲ್ಲ. ಹೊತ್ತು, ದೂರ ಕೇಳಿದರೆ ಜನ ಆ ಕ್ಷಣಕ್ಕೆ ಅಂದಾಜು ಹೇಳುತ್ತಾರೆ. ಕೋರ್ಟಿನ ವಾತಾವರಣಕ್ಕೆ, ಪಾಟಿ ಸವಾಲಿಗೆ ಹೆದರಿ ಗೊಂದಲ ಆಗುತ್ತಾರೆ. ಕೇಸಿನ ಬುಡಕ್ಕೆ ಹೋಗದ ವ್ಯತ್ಯಾಸವನ್ನು ದೊಡ್ಡದು ಮಾಡಬಾರದು. ಇದು ಆ ತೀರ್ಪಿನ ಸಾರ. ಇವತ್ತಿಗೂ ಎಲ್ಲ ಸೆಷನ್ಸ್ ಕೋರ್ಟುಗಳಲ್ಲೂ ಇದನ್ನು ಓದಿ ಹೇಳುತ್ತಾರೆ.

ಹಾಗಾದರೆ ಬುಡ ಯಾವುದು? ನಿಮ್ಮ ಕೇಸಿನಲ್ಲಿ ಎರಡೇ ಪ್ರಶ್ನೆ. ಅವ್ವ ನಿಜವಾಗಲೂ ಅಲ್ಲಿದ್ದರಾ? ಹೊಡೆದವರು ಯಾರು ಎಂದು ಅವರಿಗೆ ಕಾಣುತ್ತಿತ್ತಾ?

ಮೊದಲನೆಯದಕ್ಕೆ ಆಧಾರ ಬೇಕು. ಮಾರ್ಚ್ ಎಂದರೆ ಮೆಣಸಿನಕಾಯಿ ಒಣಗಿಸುವ ಕಾಲ, ಕಣದಲ್ಲಿ ಕಾಯಲು ಜನ ಇರುವುದು ಸಹಜ. ಸ್ಥಳ ಪಂಚನಾಮೆಯಲ್ಲಿ, ನಕ್ಷೆಯಲ್ಲಿ ಆ ಕಣ ಕಾಣಿಸಿದೆಯಾ ನೋಡಿ. ಅದೇ ರಾತ್ರಿ ಕೊಟ್ಟ ದೂರಿನಲ್ಲಿ 'ನನ್ನ ದೊಡ್ಡವ್ವ ನೋಡಿದಳು' ಎಂದು ಬರೆದಿದ್ದರೆ ಅದು ದೊಡ್ಡ ಬಲ, ಯಾಕೆಂದರೆ ಕಥೆ ಕಟ್ಟಲು ಸಮಯ ಇರಲಿಲ್ಲ ಎಂದು ಅದು ತೋರಿಸುತ್ತದೆ. ಎಫ್‌ಐಆರ್ ಪ್ರತಿ ಮ್ಯಾಜಿಸ್ಟ್ರೇಟರಿಗೆ ಎಷ್ಟು ಹೊತ್ತಿಗೆ ತಲುಪಿತು ಎಂದು ಅದರ ಮೇಲೆ ಬರೆದಿರುತ್ತದೆ. ನಾನು ಆರೋಪಿ ಪರ ಇದ್ದಾಗ ಕಡತದಲ್ಲಿ ಮೊದಲು ಹುಡುಕುವುದು ಆ ಹೊತ್ತನ್ನೇ. ರಾತ್ರಿಯ ದೂರು ಮರುದಿನ ಮಧ್ಯಾಹ್ನ ತಲುಪಿದ್ದರೆ, ನಡುವೆ ಯಾರ್ಯಾರು ಕೂತು ಹೆಸರು ಸೇರಿಸಿದರು ಎಂಬ ಪ್ರಶ್ನೆ ಏಳುತ್ತದೆ. ತಡಕ್ಕೆ ಸರಿಯಾದ ಕಾರಣ ಇದ್ದರೆ ಕೋರ್ಟು ಒಪ್ಪುತ್ತದೆ. ಕಾರಣವೇ ಇಲ್ಲದಿದ್ದರೆ ಸಂಶಯ ಬೆಳೆಯುತ್ತದೆ.

ಎರಡನೆಯದು ಗುರುತು. ಆ ತಿಂಗಳಲ್ಲಿ ನಿಮ್ಮ ಕಡೆ ಹೊತ್ತು ಮುಳುಗುವುದು ಆರೂವರೆ ದಾಟಿದ ಮೇಲೆ. ಮುಳುಗಿದ ಮೇಲೂ ಸ್ವಲ್ಪ ಹೊತ್ತು ಬೆಳಕಿರುತ್ತದೆ. ಇದು ಅವ್ವ ಹೇಳಿದ ಎರಡೂ ಹೊತ್ತಿಗೆ ಹೊಂದುತ್ತದೆ, ಆದರೆ ಪೂರ್ತಿ ಕತ್ತಲಾದ ಮೇಲೆ ಎಂದಾದರೆ ಹೊಂದುವುದಿಲ್ಲ. ಇಂಗ್ಲೆಂಡಿನ ಕೋರ್ಟುಗಳಲ್ಲಿ ಇಂಥ ಕೇಸಿನಲ್ಲಿ ಜ್ಯೂರಿಗೆ ನ್ಯಾಯಾಧೀಶರು ಎಚ್ಚರಿಕೆ ಹೇಳುತ್ತಾರೆ. ಎಷ್ಟು ಹೊತ್ತು ನೋಡಿದರು, ಎಷ್ಟು ದೂರದಿಂದ, ಬೆಳಕು ಹೇಗಿತ್ತು, ನಡುವೆ ಏನಾದರೂ ಅಡ್ಡ ಇತ್ತಾ, ಆ ವ್ಯಕ್ತಿಯನ್ನು ಮೊದಲೇ ನೋಡಿದ್ದರಾ ಎಂದು ಯೋಚಿಸಿ ಎಂದು. ಟರ್ನ್‌ಬುಲ್ ಎಂಬ ಪ್ರಕರಣದಿಂದ ಬಂದ ಕ್ರಮ ಇದು. ಒಳ್ಳೆಯ ಮನಸ್ಸಿನಿಂದ, ಪೂರ್ತಿ ನಂಬಿಕೆಯಿಂದ ಹೇಳುವ ಸಾಕ್ಷಿಯೂ ತಪ್ಪು ಮನುಷ್ಯನನ್ನು ತೋರಿಸಬಹುದು ಎಂಬುದು ಅದರ ಹಿಂದಿನ ಅನುಭವ. ಅಪರಿಚಿತರ ವಿಷಯದಲ್ಲಿ ಈ ಅಪಾಯ ನಿಜವಾಗಲೂ ದೊಡ್ಡದು. ನಿಮ್ಮ ಕೇಸಿನಲ್ಲಿ ಆರೋಪಿ ಪಕ್ಕದ ಹೊಲದವರು ಎಂದಾದರೆ, ವರ್ಷಗಟ್ಟಲೆ ನೋಡಿದ ಮನುಷ್ಯನನ್ನು ನಡಿಗೆಯಿಂದ, ದನಿಯಿಂದ, ನಿಲುವಿನಿಂದ 130 ಅಡಿ ದೂರದಲ್ಲಿ ಮುಸ್ಸಂಜೆಯಲ್ಲೂ ಗುರುತಿಸಬಹುದು. ಯಾರು ಯಾವ ಕೈಯಲ್ಲಿ ಎಷ್ಟನೇ ಏಟು ಹೊಡೆದರು ಎಂದು ಮಾತ್ರ ಅಷ್ಟು ದೂರದಿಂದ ಹೇಳಲಾಗದು. ಅವ್ವ ಹಾಗೆ ಲೆಕ್ಕ ಕೊಟ್ಟಿಲ್ಲದಿದ್ದರೆ ಅದು ಅವರ ಪ್ರಾಮಾಣಿಕತೆಗೆ ಗುರುತು.

ಸಂಬಂಧಿಕರ ಸಾಕ್ಷಿ ನಡೆಯಲ್ಲ ಎನ್ನುವುದು ಊರ ಕಟ್ಟೆಯ ಕಾನೂನು. ಕೋರ್ಟಿನ ಕಾನೂನಲ್ಲ. 1953ರಲ್ಲೇ ದಲೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ: ಹತ್ತಿರದ ಸಂಬಂಧಿ ನಿಜವಾದ ಕೊಲೆಗಾರನನ್ನು ಬಿಟ್ಟು ಬೇರೆಯವನನ್ನು ಸಿಕ್ಕಿಸುವುದು ಅಪರೂಪ. ಆದರೆ ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳುತ್ತದೆ. ದ್ವೇಷ ಇದ್ದ ಕಡೆ ತಪ್ಪಿತಸ್ಥನ ಜೊತೆಗೆ ನಿರಪರಾಧಿಯನ್ನೂ ಎಳೆದು ಹಾಕುವ ಚಾಳಿ ಇರುತ್ತದೆ. ಇದನ್ನು ನಿಮಗೆ ನೇರವಾಗಿ ಕೇಳಬೇಕು. ನಿಮ್ಮ ದೂರಿನಲ್ಲಿ ಎಷ್ಟು ಜನರ ಹೆಸರಿದೆ? ಹೊಡೆದವನ ಜೊತೆ ಅವನ ಅಣ್ಣ, ಅಪ್ಪ, ಅಳಿಯ ಎಲ್ಲರನ್ನೂ ಬರೆಸಿದ್ದರೆ ನ್ಯಾಯಾಧೀಶರು ಪ್ರತಿಯೊಬ್ಬರ ಮೇಲೂ ಬೇರೆ ಬೇರೆ ಸಾಕ್ಷ್ಯ ಹುಡುಕುತ್ತಾರೆ. ಕೆಲವರು ಖುಲಾಸೆ ಆಗಬಹುದು. ಹಾಗಾದರೆ ಅವ್ವನ ಮಾತು ಪೂರ್ತಿ ಸುಳ್ಳಾಯಿತು ಎಂದಲ್ಲ. ಒಂದು ಮಾತು ತಪ್ಪಾದರೆ ಎಲ್ಲವೂ ತಪ್ಪು ಎಂಬ ನಿಯಮ ನಮ್ಮ ಕಾನೂನಿನಲ್ಲಿ ಇಲ್ಲ. ಜೊಳ್ಳು ತೂರಿ ಕಾಳು ಉಳಿಸಿಕೊಳ್ಳುವುದು ನ್ಯಾಯಾಧೀಶರ ಕೆಲಸ. ಜೊಳ್ಳೇ ಜಾಸ್ತಿಯಾಗಿ ಬೇರ್ಪಡಿಸಲು ಆಗದೇ ಹೋದರೆ ಮಾತ್ರ ಎಲ್ಲವನ್ನೂ ಬಿಡಬೇಕಾಗುತ್ತದೆ.

ಒಬ್ಬರೇ ಸಾಕ್ಷಿ ಉಳಿದರೂ ಶಿಕ್ಷೆ ಆಗಬಹುದು. ಇಷ್ಟು ಜನ ಸಾಕ್ಷಿ ಬೇಕು ಎಂಬ ಲೆಕ್ಕ ಸಾಕ್ಷ್ಯ ಕಾಯ್ದೆಯಲ್ಲಿ ಇಲ್ಲ. 1957ರ ವಡಿವೇಲು ತೇವರ್ ಪ್ರಕರಣದಿಂದ ಕೋರ್ಟುಗಳು ಸಾಕ್ಷಿಗಳನ್ನು ಮೂರು ಬಗೆ ಮಾಡಿ ನೋಡುತ್ತವೆ. ಪೂರ್ತಿ ನಂಬಬಹುದಾದವರು, ಪೂರ್ತಿ ನಂಬಲಾಗದವರು, ಎರಡರ ನಡುವಿನವರು. ಮೊದಲ ಬಗೆಯವರಾದರೆ ಒಬ್ಬರೇ ಸಾಕು. ನಡುವಿನವರಾದರೆ ಅವರ ಮಾತಿಗೆ ಬೇರೆ ಕಡೆಯಿಂದ ಆಸರೆ ಬೇಕು. ನಿಮ್ಮ ಅವ್ವನನ್ನು ನ್ಯಾಯಾಧೀಶರು ಈ ನಡುವಿನ ಗುಂಪಿಗೆ ಸೇರಿಸಬಹುದು ಎಂದು ಇಟ್ಟುಕೊಂಡೇ ಮುಂದಿನ ತಯಾರಿ ಮಾಡಿ. ಆಸರೆ ಎಲ್ಲಿಂದ ಸಿಗುತ್ತದೆ? ವೈದ್ಯರ ಮಾತಿನಿಂದ, ಆರೋಪಿ ತೋರಿಸಿಕೊಟ್ಟ ಜಾಗದಲ್ಲಿ ಸಿಕ್ಕ ಆಯುಧದಿಂದ, ಅದರ ಮೇಲಿನ ರಕ್ತದ ಪ್ರಯೋಗಾಲಯ ವರದಿಯಿಂದ, ಬದುವಿನ ಜಗಳದ ಹಳೆಯ ದೂರುಗಳಿಂದ.

ತಿರುಗಿಬಿದ್ದ ಸಾಕ್ಷಿಗಳ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಅವರ ಮಾತು ಪೂರ್ತಿ ಅಳಿಸಿಹೋಗುವುದಿಲ್ಲ. ಸರ್ಕಾರಿ ವಕೀಲರು ಅವರಿಗೂ ಪಾಟಿ ಸವಾಲು ಮಾಡಿರುತ್ತಾರೆ. 'ಆ ಸಂಜೆ ನಾನು ಹೊಲದಲ್ಲಿದ್ದೆ, ಕೂಗು ಕೇಳಿತು, ಕಣದಲ್ಲಿ ಇವರ ಅವ್ವ ಇದ್ದರು, ಹೊಡೆದವರನ್ನು ನೋಡಿಲ್ಲ' ಎಂದಷ್ಟು ಒಪ್ಪಿದ್ದರೂ ಅವ್ವ ಅಲ್ಲಿದ್ದರು ಎನ್ನುವುದಕ್ಕೆ ಅದು ಆಸರೆ. ಪಂಚರು ತಿರುಗುವುದಂತೂ ದಿನನಿತ್ಯದ ಸಂಗತಿ. ತನಿಖಾಧಿಕಾರಿಯ ಮಾತು ನಂಬುವಂತಿದ್ದರೆ ಅದರ ಮೇಲೆಯೇ ವಶಪಡಿಸಿಕೊಂಡದ್ದನ್ನು ಒಪ್ಪಬಹುದು ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ.

ಕೇಸು ನಿಜವಾಗಿ ಬೀಳುವುದು ಎಲ್ಲಿ ಎಂದು ಹೇಳುತ್ತೇನೆ ಎಂದಿದ್ದೆ. ಅವ್ವ ಆ ಹೊತ್ತಿಗೆ ಬೇರೆ ಕಡೆ ಇದ್ದರು ಎಂದು ಯಾವುದಾದರೂ ದಾಖಲೆ ತೋರಿಸಿದರೆ. ಅವರ ಹೇಳಿಕೆಯನ್ನು ಪೊಲೀಸರು ಕಾರಣ ಇಲ್ಲದೆ ವಾರಗಟ್ಟಲೆ ತಡ ಮಾಡಿ ಪಡೆದಿದ್ದರೆ. ಆರೋಪಿಯ ಹೆಸರು ಮೊದಲ ದೂರಿನಲ್ಲಿ ಇಲ್ಲದೆ ಆಮೇಲೆ ಬಂದಿದ್ದರೆ. ಪೊಲೀಸರಿಗೆ ಹೇಳದ ಮುಖ್ಯ ಸಂಗತಿಯನ್ನು, ಉದಾಹರಣೆಗೆ ಇನ್ನೊಬ್ಬ ಹಿಡಿದುಕೊಂಡಿದ್ದ ಎಂಬುದನ್ನು, ಕೋರ್ಟಿನಲ್ಲಿ ಮೊದಲ ಸಲ ಹೇಳಿದ್ದರೆ. ಇಂಥದ್ದು ಇದ್ದರೆ ಸಂಶಯದ ಲಾಭ ಆರೋಪಿಗೆ ಹೋಗುತ್ತದೆ, ಹೋಗಲೂಬೇಕು. 'ಮಾಡಿರಬಹುದು' ಮತ್ತು 'ಮಾಡಿದ್ದಾನೆ' ನಡುವಿನ ದೂರವನ್ನು ಸಾಕ್ಷ್ಯವೇ ತುಂಬಬೇಕು, ನಿಮ್ಮ ದುಃಖವಾಗಲಿ ಊರಿನ ಮಾತಾಗಲಿ ತುಂಬಲಾರದು. ಕೇಳಲು ನಿಮಗೆ ಕಷ್ಟ ಆಗುತ್ತದೆ ಎಂದು ಗೊತ್ತು. ಆದರೂ ಹೇಳದೆ ಇರಲಾರೆ.

ಈಗ ಏನು ಮಾಡಬಹುದು ಎಂಬುದಕ್ಕೆ ಬರುತ್ತೇನೆ.

ಅವ್ವನನ್ನು ಮತ್ತೆ ಕರೆಸಿ ಸರಿಪಡಿಸೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. 311ನೇ ಕಲಂನಲ್ಲಿ ಸಾಕ್ಷಿಯನ್ನು ಮತ್ತೆ ಕರೆಸಲು ಅವಕಾಶ ಇದೆ. ನಿಮ್ಮ ಕೇಸಿನಲ್ಲಿ ನಾನು ಅದನ್ನು ಬೇಡ ಎನ್ನುತ್ತೇನೆ. ಮತ್ತೆ ಕರೆಸಿದರೆ ಎದುರಿನವರಿಗೂ ಮತ್ತೆ ಪಾಟಿ ಸವಾಲಿನ ಹಕ್ಕು ಬರುತ್ತದೆ. ಅವ್ವ ಈಗ 'ಮಚ್ಚೇ ಇರಬೇಕು' ಎಂದರೆ ಹೇಳಿಕೊಟ್ಟ ಸಾಕ್ಷಿ ಎಂಬ ಮುದ್ರೆ ಬೀಳುತ್ತದೆ. ಈಗಿರುವ ಸಣ್ಣ ವ್ಯತ್ಯಾಸಕ್ಕಿಂತ ಅದು ದೊಡ್ಡ ಹಾನಿ.

ಮಾಡಬೇಕಾದದ್ದು ಬೇರೆ. ಸರ್ಕಾರಿ ವಕೀಲರ ಕೈಯಲ್ಲಿ ಕೇಸುಗಳ ರಾಶಿ ಇರುತ್ತದೆ. ಅವರಿಗೆ ಸಹಾಯ ಮಾಡಲು ನಿಮ್ಮ ಕಡೆಯಿಂದ ಒಬ್ಬ ವಕೀಲರನ್ನು ಇಟ್ಟುಕೊಳ್ಳಲು ಕೋರ್ಟಿನ ಅನುಮತಿ ಕೇಳಬಹುದು. ಆ ವಕೀಲರು ತಾವೇ ಕೇಸು ನಡೆಸುವಂತಿಲ್ಲ, ಸರ್ಕಾರಿ ವಕೀಲರು ಹೇಳಿದಂತೆ ಕೆಲಸ ಮಾಡಬೇಕು. ಆದರೆ ಸಾಕ್ಷ್ಯ ಮುಗಿದ ಮೇಲೆ ಕೋರ್ಟಿನ ಅನುಮತಿಯಿಂದ ಲಿಖಿತ ವಾದ ಕೊಡಬಹುದು. ಮಚ್ಚು, ಕೊಡಲಿ, ದೂರ, ಬೆಳಕು ಇದನ್ನೆಲ್ಲ ಬಿಡಿಸಿ ಬರೆಯಬೇಕಾದ ಜಾಗ ಅದು. ಹಣದ ತೊಂದರೆ ಇದ್ದರೆ ಅರ್ಜಿಯನ್ನು ನಿಮ್ಮ ಚಿಗವ್ವನ ಹೆಸರಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕೊಡಿ. ಹೆಂಗಸರಿಗೆ ಆದಾಯದ ಮಿತಿ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಸಂತ್ರಸ್ತರ ಪರಿಹಾರದ ಅರ್ಜಿಯನ್ನೂ ಅಲ್ಲೇ ಕೇಳಿ, ಕೇಸಿನ ಫಲ ಏನೇ ಬಂದರೂ ಆ ದಾರಿ ಮುಚ್ಚುವುದಿಲ್ಲ.

ವೈದ್ಯರು ಮತ್ತು ತನಿಖಾಧಿಕಾರಿ ಸಾಕ್ಷಿ ಹೇಳುವುದು ಬಾಕಿ ಇದ್ದರೆ, ಆ ದಿನಾಂಕಗಳಿಗೆ ಮೊದಲೇ ನಿಮ್ಮ ವಕೀಲರು ಸರ್ಕಾರಿ ವಕೀಲರನ್ನು ಕಂಡು ಮಾತಾಡಲಿ. ಆಯುಧವನ್ನು ಕೋರ್ಟಿಗೆ ತರಿಸಿ ವೈದ್ಯರಿಗೆ ತೋರಿಸಿಯೇ ಕೇಳಬೇಕು. ಎಷ್ಟೋ ಕೇಸುಗಳಲ್ಲಿ ಆ ದಿನ ಮುದ್ದೆಮಾಲು ಬಂದಿರುವುದೇ ಇಲ್ಲ.

ತಿರುಗಿಬಿದ್ದ ನೆರೆಯವರ ಮನೆಗೆ ಹೋಗಿ ಜಗಳ ಆಡಬೇಡಿ, ಬೇಡಿಕೊಳ್ಳಲೂ ಬೇಡಿ. ಸಾಕ್ಷಿಗೆ ಒತ್ತಡ ಹಾಕಿದರು ಎಂಬ ಮಾತು ನಿಮ್ಮ ಮೇಲೆಯೇ ಬರುತ್ತದೆ.

ರಾಜಿ ವಿಷಯ. ಕೊಲೆ ಕೇಸಿನಲ್ಲಿ ರಾಜಿಗೆ ಕಾನೂನಿನಲ್ಲಿ ಅವಕಾಶ ಇಲ್ಲ. ಕೇಸು ನಡೆಸುತ್ತಿರುವುದು ಸರ್ಕಾರ, ನೀವಲ್ಲ. ಹಿರಿಯರು ರಾಜಿ ಎಂದಾಗ ಅದರ ಅರ್ಥ, ಉಳಿದ ನಿಮ್ಮ ಕಡೆಯ ಸಾಕ್ಷಿಗಳು ಕೋರ್ಟಿನಲ್ಲಿ ಸುಳ್ಳು ಹೇಳಿ ಎಂದು. ಪ್ರಮಾಣ ಮಾಡಿ ಸುಳ್ಳು ಸಾಕ್ಷಿ ಹೇಳಿದರೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಹಣ ಕೈಗೆ ಬಂದ ಮೇಲೆ ಆ ಅಪಾಯ ನಿಮ್ಮ ತಲೆ ಮೇಲೆಯೇ ಇರುತ್ತದೆ. ಜಮೀನಿನ ಬದುವಿನ ವ್ಯಾಜ್ಯ ಬೇರೆ, ಅದನ್ನು ಸಿವಿಲ್ ಕೋರ್ಟಿನಲ್ಲಿ ಖಂಡಿತ ರಾಜಿ ಮಾಡಿಕೊಳ್ಳಬಹುದು. ಎರಡನ್ನೂ ಒಂದೇ ಮಾತುಕತೆಯಲ್ಲಿ ಸೇರಿಸಲು ಬಿಡಬೇಡಿ.

ರಾಜಿಯ ಮಾತಿನ ಹಿಂದೆ ಬೆದರಿಕೆ ಇದ್ದರೆ ಸುಮ್ನಿರಬೇಡಿ. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆ ಎಲ್ಲ ರಾಜ್ಯಗಳಿಗೂ ಅನ್ವಯಿಸುತ್ತದೆ. ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಕೊಡಬೇಕು. ಡಿವೈಎಸ್‌ಪಿ ಬೆದರಿಕೆ ಎಷ್ಟು ಗಂಭೀರ ಎಂದು ವರದಿ ಕೊಡುತ್ತಾರೆ. ಮನೆ ಹತ್ತಿರ ಪೊಲೀಸ್ ಗಸ್ತಿನಿಂದ ಹಿಡಿದು ಕೋರ್ಟಿಗೆ ಬರಹೋಗಲು ಪೊಲೀಸರ ಜೊತೆಯವರೆಗೆ ರಕ್ಷಣೆ ಸಿಗಬಹುದು. ಇದರಲ್ಲೂ ಒಂದು ತೊಡಕಿದೆ. ಸಣ್ಣ ಊರಿನಲ್ಲಿ ಪೊಲೀಸ್ ಜೀಪು ಮನೆ ಮುಂದೆ ನಿಂತರೆ ನೆರೆಯವರು ದೂರ ಸರಿಯುತ್ತಾರೆ. ಅವ್ವನ ಜೊತೆ ಕೂತು ಮಾತಾಡಿ, ಅವರು ಒಪ್ಪಿದರೆ ಮಾತ್ರ ಅರ್ಜಿ ಕೊಡಿ. ಬೆದರಿಕೆಯ ದಿನ, ಹೊತ್ತು, ಯಾರು ಏನೆಂದರು ಎಂಬುದನ್ನು ಒಂದು ವಹಿಯಲ್ಲಿ ಅಂದಂದೇ ಬರೆದಿಡಿ.

ಕೊನೆಗೆ ಆರೋಪಿ ಖುಲಾಸೆ ಆದರೂ ದಾರಿ ಉಳಿದಿರುತ್ತದೆ. ಸರ್ಕಾರ ಮೇಲ್ಮನವಿ ಹಾಕದಿದ್ದರೂ ಸಂತ್ರಸ್ತರೇ ಹೈಕೋರ್ಟಿಗೆ ಹೋಗಬಹುದು. ಅದಕ್ಕೆ ಹೈಕೋರ್ಟಿನ ಮುಂಗಡ ಅನುಮತಿಯೂ ಬೇಡ ಎಂದು 2018ರಲ್ಲಿ ಕರ್ನಾಟಕದ ಪ್ರಕರಣವೊಂದರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ನಿಮ್ಮ ಜಿಲ್ಲೆಗೆ ಧಾರವಾಡ ಪೀಠ. ಮೇಲ್ಮನವಿ ನಿಮ್ಮ ಚಿಗವ್ವ ಅಥವಾ ಅವರ ಮಕ್ಕಳ ಹೆಸರಿನಲ್ಲಿ ಇರಲಿ, ಕಾಕಾನ ವಾರಸುದಾರರು ಅವರು. ಆದರೆ ಖುಲಾಸೆಯನ್ನು ತಿರುಗಿಸುವುದು ಸುಲಭ ಅಲ್ಲ. ಸೆಷನ್ಸ್ ನ್ಯಾಯಾಧೀಶರ ನೋಟವೂ ಸಾಧ್ಯ ಎನ್ನುವಂತಿದ್ದರೆ ಹೈಕೋರ್ಟ್ ಅದನ್ನು ಮುಟ್ಟುವುದಿಲ್ಲ. ಅದಕ್ಕೇ ಈಗ, ಈ ಕೋರ್ಟಿನಲ್ಲೇ ಶ್ರಮ ಹಾಕಿ ಎನ್ನುತ್ತಿದ್ದೇನೆ.

ಅವ್ವನ ಸಾಕ್ಷ್ಯದ ನಕಲು, ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ಸ್ಥಳದ ನಕ್ಷೆ. ಈ ನಾಲ್ಕನ್ನು ಒಟ್ಟು ಮಾಡಿಕೊಂಡು ಮುಂದಿನ ದಿನಾಂಕಕ್ಕೆ ಮೊದಲು ನಿಮ್ಮ ಜಿಲ್ಲೆಯಲ್ಲಿ ಸೆಷನ್ಸ್ ಕೇಸು ನಡೆಸುವ ವಕೀಲರೊಬ್ಬರನ್ನು ಕಾಣಿ. ಹೋಗುವಾಗ ಅವ್ವನನ್ನೂ ಕರೆದುಕೊಂಡು ಹೋಗಿ. ಆ ಕಾಗದದಲ್ಲಿ ತಾವು ಏನು ಹೇಳಿದ್ದೇವೆ ಎಂಬುದನ್ನು ಅವರು ತಮ್ಮ ಕಿವಿಯಾರೆ ಓದಿಸಿಕೊಂಡು ಕೇಳಲಿ.